1 ಮೀಟರ್ ಪ್ಯಾಚ್ ಕೇಬಲ್‌ಗೆ ಕ್ಯಾಟ್ 8 ಬೇಕಾ? 10ಜಿ ಕಾರ್ಡ್ ಹಾಕಿದ್ರೂ 1ಜಿ ಮೇಲೆ ಏಳ್ತಿಲ್ಲ

ಗಿರಿ_ಎಡಿಟ್ (ಚಿಕ್ಕಮಗಳೂರು)

ನಮಸ್ಕಾರ ಎಲ್ಲರಿಗೂ. ಬಸವನಹಳ್ಳಿ ಕಡೆ ನಮ್ಮದೊಂದು ಸಣ್ಣ ವಿಡಿಯೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಹೋಂಸ್ಟೇಗಳ ಪ್ರೋಮೋ, ತೋಟಗಳ ಡ್ರೋನ್ ಶೂಟ್, ಹೀಗೆ ಸಿಕ್ಕಿದ್ದೆಲ್ಲ ಮಾಡುತ್ತೇವೆ. ಲಗ್ನದ ಸೀಸನ್‌ನಲ್ಲಿ 4ಕೆ ಫೂಟೇಜ್ ರಾಶಿ ಬೀಳುತ್ತೆ. ಪೋರ್ಟಬಲ್ ಹಾರ್ಡ್ ಡಿಸ್ಕ್ ಹಿಡ್ಕೊಂಡು ಆ ಪಿಸಿಯಿಂದ ಈ ಪಿಸಿಗೆ ಓಡಾಡಿ ಸಾಕಾಗಿ, ಈಗ ನಾಲ್ಕು ಡಿಸ್ಕ್ ಹಿಡಿಯೋ ನ್ಯಾಸ್ (ನೆಟ್‌ವರ್ಕ್ ಮೂಲಕ ಎಲ್ಲ ಪಿಸಿಗೂ ಫೈಲ್ ಕೊಡೋ ಡಿಸ್ಕ್ ಪೆಟ್ಟಿಗೆ) ಒಂದು ತಂದಿದ್ದೇವೆ.

ಸೆಟಪ್ ಹೀಗಿದೆ. ನ್ಯಾಸ್‌ನಲ್ಲಿ 2.5ಜಿ (ಸೆಕೆಂಡಿಗೆ 2.5 ಗಿಗಾಬಿಟ್) ಪೋರ್ಟ್. ಸ್ವಿಚ್‌ನಲ್ಲಿ ನಾಲ್ಕು 2.5ಜಿ ಆರ್‌ಜೆ45 (ಮಾಮೂಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸೋ) ಪೋರ್ಟ್, ಪಕ್ಕದಲ್ಲಿ ಎರಡು ಎಸ್‌ಎಫ್‌ಪಿ ಪ್ಲಸ್ (ಬೇರೆ ಮಾಡ್ಯೂಲ್ ಸಿಕ್ಕಿಸೋ 10ಜಿ) ಪೋರ್ಟ್, ಅವೆರಡೂ ಖಾಲಿ ಬಿದ್ದಿವೆ. ಎಡಿಟಿಂಗ್ ಪಿಸಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ ಇಂಟೆಲ್ ಎಕ್ಸ್540 ಕಾರ್ಡ್ ಹಾಕಿದ್ದೇನೆ, 10ಜಿ ಕಾರ್ಡ್, ಆರ್‌ಜೆ45 ಪೋರ್ಟ್ ಇರೋದು. ನ್ಯಾಸ್, ಸ್ವಿಚ್, ಪಿಸಿ ಮೂರೂ ಒಂದೇ ಮೇಜಿನ ಮೇಲೆ ಕೆಳಗೆ ಇವೆ. ಒಂದು ಮೀಟರ್ ಕೇಬಲ್ ಧಾರಾಳ ಆಯ್ತು.

ನ್ಯಾಸ್ ಕಡೆ ಲಿಂಕ್ 2.5ಜಿ ಅಂತ ಸರಿಯಾಗಿ ತೋರಿಸುತ್ತಿದೆ. ಪಿಸಿ ಕಡೆ ವಿಂಡೋಸ್‌ನಲ್ಲಿ ನೋಡಿದರೆ 1.0 ಜಿಬಿಪಿಎಸ್. ಫೈಲ್ ಕಾಪಿ ಕೊಟ್ಟರೆ ಸೆಕೆಂಡಿಗೆ 112 ಎಂಬಿ ಹತ್ತಿರ ಹೋಗಿ ಅಲ್ಲೇ ಕೂತುಬಿಡುತ್ತೆ. ಪಿಸಿಗೆ ಹಾಕಿರೋದು ಹಳೇ ರೂಟರ್ ಜೊತೆ ಬಂದಿದ್ದ ಕ್ಯಾಟ್ 5ಇ ಕೇಬಲ್ (ಕ್ಯಾಟ್ ಅಂದ್ರೆ ಕೇಬಲ್‌ನ ದರ್ಜೆ). ಅಂಗಡಿಯಲ್ಲಿ ಕೇಳಿದರೆ "ಸರ್, ಇದು 5ಇ, ಇದರಲ್ಲಿ ಅಷ್ಟೇ ಬರೋದು, ಕ್ಯಾಟ್ 8 ಹಾಕಿ, 40 ಜಿಬಿಪಿಎಸ್" ಅಂತ ಒಂದು ಚಪ್ಪಟೆ ಕೇಬಲ್ ತೋರಿಸಿದರು. ಕವರ್ ಮೇಲೆ ಚಿನ್ನದ ಬಣ್ಣದ ಪ್ಲಗ್ ಫೋಟೋ, 2000 ಮೆಗಾಹರ್ಟ್ಸ್ ಅಂತ ದಪ್ಪ ಅಕ್ಷರ. ಕೇಬಲ್ ಮಾತ್ರ ಹೊಲಿಗೆ ಟೇಪಿನಷ್ಟು ತೆಳು. ಆನ್‌ಲೈನ್‌ನಲ್ಲಿ ನೋಡಿದರೆ ಕ್ಯಾಟ್ 6, 6ಎ, 7, 8 ಎಲ್ಲ ಇದೆ, ರೇಟಲ್ಲಿ ಕ್ಯಾಟ್ 7, ಕ್ಯಾಟ್ 6ಗಿಂತ ಕಮ್ಮಿ! ತಲೆ ಕೆಟ್ಟುಹೋಗಿದೆ. ಯಾವುದು ತಗೊಳ್ಳಲಿ? ಒಳ್ಳೇದು ಅಂದ್ರೆ ಜಾಸ್ತಿ ದುಡ್ಡು ಕೊಡೋಕೂ ರೆಡಿ, ಆದ್ರೆ ಒಂದೇ ಸಲ ತಗೊಂಡು ಮುಗಿಸಬೇಕು.


ಹಾಸನ_ರ‍್ಯಾಕ್ (ಹಾಸನ)

ಗಿರಿ ಅಣ್ಣ, ಕೇಬಲ್ ಸುದ್ದಿಗೆ ಆಮೇಲೆ ಬರೋಣ. ನಿಮ್ಮ ಕೇಬಲ್‌ದು ಇಲ್ಲಿ ತಪ್ಪೇ ಇಲ್ಲ.

ಎಕ್ಸ್540 ಹಳೇ ಸರ್ವರ್ ಕಾರ್ಡ್. ಅದಕ್ಕೆ ಗೊತ್ತಿರೋ ಸ್ಪೀಡ್ ಮೂರೇ: 100 ಎಂಬಿಪಿಎಸ್, 1ಜಿ, 10ಜಿ. ನಡುವಿನ 2.5ಜಿ, 5ಜಿ ಅದಕ್ಕೆ ಬರೋದೇ ಇಲ್ಲ. 10ಜಿಬೇಸ್-ಟಿ ಸ್ಟ್ಯಾಂಡರ್ಡ್ ಬಂದಿದ್ದು 2006ರಲ್ಲಿ, 2.5ಜಿ ಮತ್ತು 5ಜಿದು ಬಂದಿದ್ದು 2016ರಲ್ಲಿ. ಎಕ್ಸ್540 ಈ ಎರಡರ ನಡುವಿನ ಕಾಲದ್ದು. ಈಗ ಏನಾಗ್ತಿದೆ ನೋಡಿ. ಸ್ವಿಚ್ "ನನಗೆ 2.5ಜಿ, 1ಜಿ ಬರುತ್ತೆ" ಅನ್ನುತ್ತೆ, ಕಾರ್ಡ್ "ನನಗೆ 10ಜಿ, 1ಜಿ ಬರುತ್ತೆ" ಅನ್ನುತ್ತೆ. ಇಬ್ಬರಿಗೂ ಬರೋದು 1ಜಿ ಒಂದೇ. ಅದಕ್ಕೇ ಅಲ್ಲಿಗೆ ನಿಂತಿದೆ. ನೀವು ನಾಳೆ ಬೆಳ್ಳಿ ತಂತಿ ಕೇಬಲ್ ಹಾಕಿದರೂ 1ಜಿನೇ.

ಇನ್ನೊಂದು ಗುರುತು ಹೇಳ್ತೀನಿ. ಕೇಬಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಲಿಂಕ್ 100 ಎಂಬಿಪಿಎಸ್‌ಗೆ ಇಳಿಯುತ್ತೆ. ಯಾಕಂದ್ರೆ 100ಕ್ಕೆ ಎರಡು ಜೊತೆ ತಂತಿ ಸಾಕು, 1-2 ಮತ್ತು 3-6. ಗಿಗಾಬಿಟ್‌ಗೆ ನಾಲ್ಕೂ ಜೊತೆ ಬೇಕು. ನಿಮ್ಮದು ಗಟ್ಟಿಯಾಗಿ 1ಜಿ ಹಿಡ್ಕೊಂಡು 112 ಎಂಬಿ ಕೊಡ್ತಿದೆ ಅಂದ್ರೆ ಎಂಟೂ ತಂತಿ ನೆಟ್ಟಗಿವೆ. ಗಿಗಾಬಿಟ್ ಲೆಕ್ಕ ಹಾಕಿದರೆ ಸೆಕೆಂಡಿಗೆ 125 ಎಂಬಿ, ಅದರಲ್ಲಿ ಪ್ಯಾಕೆಟ್ ಹೆಡರ್ ಅದು ಇದು ಕಳೆದು ನಿಜಕ್ಕೂ ಕೈಗೆ ಸಿಗೋದು 112ರ ಆಸುಪಾಸು. ಅಂದ್ರೆ ಪಾಪ ನಿಮ್ಮ ಹಳೇ 5ಇ ಕೇಬಲ್ ತನ್ನ ಕೆಲಸ ಪೂರ್ತಿ ಮಾಡ್ತಿದೆ.

2.5ಜಿ ಸ್ಟ್ಯಾಂಡರ್ಡ್ ಮಾಡಿದ್ದೇ ಹಳೇ ಕ್ಯಾಟ್ 5ಇ ಗೋಡೆಯೊಳಗೆ ಹಾಕಿಕೊಂಡು ಕೂತಿರೋ ಆಫೀಸುಗಳಿಗೋಸ್ಕರ. ಸರಿಯಾದ 5ಇ ಆದರೆ 100 ಮೀಟರ್‌ವರೆಗೂ 2.5ಜಿ ಓಡಬೇಕು ಅಂತಲೇ ಅದರ ಗುರಿ. ನೀವು ಕೇಳ್ತಿರೋದು ಒಂದು ಮೀಟರ್.

ಕಾರ್ಡ್‌ಗೆ ಏನು ಮಾಡಬಹುದು ಅಂದ್ರೆ, ಒಂದು 2.5ಜಿ ಪಿಸಿಐಇ ಕಾರ್ಡ್ ಹಾಕಿ. ರಿಯಲ್‌ಟೆಕ್ ಆರ್‌ಟಿಎಲ್8125 ಚಿಪ್ ಇರೋದು ಎಲ್ಲ ಕಡೆ ಸಿಗುತ್ತೆ, ಇಂಟೆಲ್ ಐ226ದೂ ಇದೆ. ಅಥವಾ ಆ ಖಾಲಿ ಎಸ್‌ಎಫ್‌ಪಿ ಪ್ಲಸ್ ಪೋರ್ಟ್‌ಗೆ 10ಜಿ ಆರ್‌ಜೆ45 ಮಾಡ್ಯೂಲ್ ಹಾಕಿ ಎಕ್ಸ್540 ಅನ್ನು ಅಲ್ಲಿಗೆ ಸಿಕ್ಕಿಸಿ. ಎರಡನೇದು ನನಗೆ ಅಷ್ಟು ಇಷ್ಟ ಇಲ್ಲ. ಆ ಮಾಡ್ಯೂಲ್ ಸುಮ್ನೆ ಕೂತಲ್ಲೇ ಎರಡು ಮೂರು ವ್ಯಾಟ್ ತಿಂದು ಕೈ ಇಡಕ್ಕಾಗದಷ್ಟು ಕಾಯುತ್ತೆ, ಎಕ್ಸ್540 ಕೂಡ ಸರ್ವರ್ ಫ್ಯಾನಿನ ಗಾಳಿ ನಂಬಿಕೊಂಡು ಮಾಡಿದ ಕಾರ್ಡ್. ಪಿಸಿ ಕ್ಯಾಬಿನೆಟ್‌ನಲ್ಲಿ ಗಾಳಿ ಆಡದಿದ್ದರೆ ಅದೂ ಕಾಯುತ್ತೆ.


ಲ್ಯಾಬ್_ಮೇಷ್ಟ್ರು (ಹಾಸನ)

ಮೇಲಿನವರು ಹೇಳಿದ್ದು ಸರಿ. ನಾನು ಆ ಚಪ್ಪಟೆ ಕೇಬಲ್ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ನಮ್ಮ ಕಾಲೇಜಿನ ಲ್ಯಾಬಿಗೆ ಹುಡುಗರು ಇಂಥವನ್ನು ತಂದು ತೋರಿಸುತ್ತಲೇ ಇರ್ತಾರೆ.

ಕ್ಯಾಟ್ 8 ಅನ್ನೋದು ನಿಜವಾಗಿಯೂ ಇದೆ. ಡೇಟಾ ಸೆಂಟರ್‌ಗಳಲ್ಲಿ 25ಜಿ, 40ಜಿಗೆ ಅಂತ ಮಾಡಿದ್ದು, 2000 ಮೆಗಾಹರ್ಟ್ಸ್‌ವರೆಗೆ, ಅದೂ 30 ಮೀಟರ್ ಒಳಗೆ ಮಾತ್ರ. ಅಸಲಿ ಕ್ಯಾಟ್ 8 ಒಳಗೆ ದಪ್ಪ ತಾಮ್ರ, ಸುತ್ತ ಹೆಣೆದ ಶೀಲ್ಡ್, ಒಳಗೆ ಫಾಯಿಲ್ ಇರುತ್ತೆ. ಕೈಯಲ್ಲಿ ಹಿಡಿದರೆ ಗ್ಯಾಸ್ ಪೈಪಿನ ಥರ ಸೆಟೆದು ನಿಲ್ಲುತ್ತೆ, ಮೇಜಿನ ಹಿಂದೆ ಮಡಚೋದೇ ಕಷ್ಟ. ಹೊಲಿಗೆ ಟೇಪಿನಷ್ಟು ತೆಳುವಾದ ಚಪ್ಪಟೆ ಕೇಬಲ್‌ನಲ್ಲಿ ಅದೆಲ್ಲ ಎಲ್ಲಿ ತುಂಬಿಸ್ತಾರೆ? ಅಂಥ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ 30, 32 ಗೇಜ್‌ನ ಕೂದಲೆಳೆ ತಂತಿ ಇರೋದು. ಗೇಜ್ ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳು, ಇದು ತುಂಬ ಜನಕ್ಕೆ ಉಲ್ಟಾ ಗೊತ್ತಿರುತ್ತೆ. ಸಾಮಾನ್ಯ ಪ್ಯಾಚ್ ಕೇಬಲ್‌ನಲ್ಲಿ 24 ಅಥವಾ 26 ಇರುತ್ತೆ. ಸ್ಲಿಮ್ ಅಂತ ಮಾರೋದರಲ್ಲಿ 28. 28 ಕೂಡ ಒಂದೆರಡು ಮೀಟರ್‌ಗೆ ಏನೂ ತೊಂದರೆ ಇಲ್ಲ, ಒಳ್ಳೇ ಕಂಪನಿಯವರೇ ಮಾಡ್ತಾರೆ.

ಇನ್ನು ಅಸಲಿ ಕ್ಯಾಟ್ 8 ತಂದ್ರೂ ಇನ್ನೊಂದು ತುದಿಯಲ್ಲಿ 40ಜಿ ಆರ್‌ಜೆ45 ಪೋರ್ಟ್ ಬೇಕಲ್ವಾ. ಅಂಥ ಪೋರ್ಟ್ ಇರೋ ಪಿಸಿ ಕಾರ್ಡ್ ನಾನಂತೂ ಅಂಗಡಿಯಲ್ಲಿ ಕಂಡಿಲ್ಲ.

ಕ್ಯಾಟ್ 7 ಕಥೆ ಇನ್ನೂ ತಮಾಷೆ. ಅದು ಐಎಸ್‌ಒ ಸ್ಟ್ಯಾಂಡರ್ಡ್‌ನಲ್ಲಿ ಇದೆ, 600 ಮೆಗಾಹರ್ಟ್ಸ್. ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ ಟಿಐಎ ಅದನ್ನು ಒಪ್ಪಲೇ ಇಲ್ಲ, 6ಎ ಆದಮೇಲೆ ನೇರ 8ಕ್ಕೆ ಜಿಗಿದರು. ಕ್ಯಾಟ್ 7ಕ್ಕೆ ಹೇಳಿದ್ದ ಪ್ಲಗ್ ಜಿಜಿ45, ಟೇರಾ ಅಂತ ಬೇರೆ. ಹಾಗಾಗಿ ಆರ್‌ಜೆ45 ಪ್ಲಗ್ ಹಾಕಿ "ಕ್ಯಾಟ್ 7" ಅಂತ ಮಾರೋ ಪ್ಯಾಚ್ ಕೇಬಲ್ ಅಂದ್ರೆ ಹೆಸರಿಗೆ ಮಾತ್ರ 7. ನಿಮಗೆ ಅದು ಕ್ಯಾಟ್ 6ಗಿಂತ ಕಮ್ಮಿ ರೇಟಲ್ಲಿ ಕಂಡಿದ್ದಕ್ಕೆ ಆಶ್ಚರ್ಯ ಏನಿಲ್ಲ.


ತೋಟದಮನೆ (ಮೂಡಿಗೆರೆ ಕಡೆ)

ಎಲ್ಲರೂ ಕ್ಯಾಟ್ ನಂಬರ್ ಹಿಡ್ಕೊಂಡು ಕೂತಿದ್ದೀರಿ ಮಾರಾಯ್ರೆ. ನಮ್ಮ ಕಡೆ ಕೇಬಲ್ ಹಾಳಾಗೋದು ನಂಬರ್‌ನಿಂದ ಅಲ್ಲ, ಪ್ಲಗ್‌ನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಇಟ್ಟ ಚಪ್ಪಲಿಗೂ ಬೂಷ್ಟು ಬರುತ್ತೆ, ಕಡ್ಡಿಪೆಟ್ಟಿಗೆ ಗೀಚಿದ್ರೆ ಹತ್ತೋಲ್ಲ. ಲೋಕಲ್ ಕ್ರಿಂಪ್ ಮಾಡಿದ ಪ್ಲಗ್ ಒಳಗೆ ಆ ಎಂಟು ಪಿನ್ ಇದೆಯಲ್ಲ, ಟಾರ್ಚ್ ಹಾಕಿ ನೋಡಿ, ಹೊಳಪು ಹೋಗಿ ಅಂಚಲ್ಲಿ ಹಸಿರು ಪುಡಿ ಕೂತಿರುತ್ತೆ. ಚಿನ್ನದ ಲೇಪ ಹೆಸರಿಗಷ್ಟೇ ಇರೋ ಅಗ್ಗದ ಪ್ಲಗ್‌ಗಳ ಹಣೆಬರಹ ಅದು. ಒಳ್ಳೇ ಪ್ಲಗ್‌ನಲ್ಲಿ 50 ಮೈಕ್ರೋಇಂಚ್ ಚಿನ್ನದ ಲೇಪ ಅಂತ ಬರೆದಿರುತ್ತಾರೆ, ಅದನ್ನು ನೋಡಿ ತಗೊಳ್ಳಿ. ಅದರ ಮೇಲೆ ಇರೋ ಪ್ಲಾಸ್ಟಿಕ್ ನಾಲಿಗೆ ಮುರಿಯದ ಹಾಗೆ ರಬ್ಬರ್ ಬೂಟ್ ಇರಬೇಕು. ನಾಲಿಗೆ ಮುರಿದ ಕೇಬಲ್ ಒಳಗೆ ಕೂತ ಹಾಗೇ ಕಾಣುತ್ತೆ, ಫ್ಯಾನ್ ಗಾಳಿಗೆ ಅಲ್ಲಾಡಿದರೂ ಲಿಂಕ್ ಹೋಗಿ ಬಂದು ಮಾಡುತ್ತೆ.

ಇನ್ನೊಂದು ವಿಷಯ, ಗಿರಿ ಅವರಿಗೆ ಬೇಡದಿರಬಹುದು, ಬೇರೆಯವರಿಗೆ ಬೇಕಾಗುತ್ತೆ. ಮನೆಯಿಂದ ಹೋಂಸ್ಟೇ ರೂಮಿಗೆ, ಮನೆಯಿಂದ ಪಲ್ಪರ್ ಶೆಡ್‌ಗೆ ಅಂತ ಹೊರಗಡೆ ತಾಮ್ರದ ಕೇಬಲ್ ಎಳೀಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿಗೆ ಒಂದೇ ಏಟಿಗೆ ಎರಡೂ ಕಡೆ ಪೋರ್ಟ್ ಹೋಗುತ್ತೆ. ಸಿಡಿಲು ನೇರ ಕೇಬಲ್‌ಗೇ ಹೊಡೀಬೇಕು ಅಂತೇನಿಲ್ಲ, ಹತ್ತಿರ ಎಲ್ಲೋ ಸಿಲ್ವರ್ ಮರಕ್ಕೆ ಹೊಡೆದರೂ ಸಾಕು. ಅಲ್ಲಿ ಲೋಹ ಇಲ್ಲದ ಫೈಬರ್ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ ಹಾಕೋದು ಸರಿ. ಶೀಲ್ಡ್ ಇರೋ ಕೇಬಲ್ ಹಾಕಿದ್ರೆ ರಕ್ಷಣೆ ಅಂತ ಕೆಲವರು ಹೇಳ್ತಾರೆ, ಎರಡು ಕಟ್ಟಡಕ್ಕೆ ಬೇರೆ ಬೇರೆ ಅರ್ಥಿಂಗ್ ಇದ್ದಾಗ ಶೀಲ್ಡ್ ಮೂಲಕವೇ ಕರೆಂಟ್ ಓಡಿ ಇನ್ನೊಂದು ತಲೆನೋವು ಶುರುವಾಗುತ್ತೆ.


ಗಿರಿ_ಎಡಿಟ್ (ಚಿಕ್ಕಮಗಳೂರು)

ಅಬ್ಬಾ, ಇಷ್ಟು ಬೇಗ ಇಷ್ಟೊಂದು ಉತ್ತರ. ಎಲ್ಲರಿಗೂ ಥ್ಯಾಂಕ್ಸ್. ಕಾರ್ಡ್ ವಿಷಯ ಕೇಳಿ ಸ್ವಲ್ಪ ಹೊಟ್ಟೆ ಉರೀತು, ಇರಲಿ ಬಿಡಿ.

ಒಂದು ಪರೀಕ್ಷೆ ಮಾಡಿದೆ. ನ್ಯಾಸ್‌ಗೆ ಹೋಗ್ತಿದ್ದ ಕೇಬಲ್ ತೆಗೆದು ಅಲ್ಲಿ ಈ ಹಳೇ 5ಇ ಹಾಕಿದೆ. ಆಗಲೂ ನ್ಯಾಸ್ 2.5ಜಿನೇ ತೋರಿಸ್ತು. ಹಾಸನ_ರ‍್ಯಾಕ್ ಹೇಳಿದ ಹಾಗೇ ಕೇಬಲ್ ಸರಿಯಾಗಿದೆ, ಪಿಸಿ ಕಾರ್ಡೇ ಕಾರಣ.

ಈಗ ಎರಡು ಪ್ರಶ್ನೆ. 2.5ಜಿ ಕಾರ್ಡ್ ಹಾಕಿದ್ರೆ ನನಗೆ ಎಷ್ಟು ಸ್ಪೀಡ್ ಸಿಗಬಹುದು, ಅದು 4ಕೆ ಎಡಿಟಿಂಗ್‌ಗೆ ಸಾಕಾ? ಮತ್ತೆ ಕೇಬಲ್ ಹೇಗಿದ್ದರೂ ಹೊಸದು ತಗೋಬೇಕು, ಇನ್ನೊಂದು ಎಡಿಟಿಂಗ್ ಪಿಸಿ ಬರೋದಿದೆ. ಹಾಗಾದ್ರೆ ಕೊನೆಗೆ ಯಾವ ಕೇಬಲ್ ಅಂತ ಹೇಳಿ.


ಎಸ್‌ಎಫ್‌ಪಿ_ಪ್ರೇಮಿ (ಬೇಲೂರು)

ಗುರು, ಒಂದು ಮೀಟರ್ ದೂರ, ಸ್ವಿಚ್‌ನಲ್ಲಿ ಎರಡು ಎಸ್‌ಎಫ್‌ಪಿ ಪ್ಲಸ್ ಪೋರ್ಟ್ ಖಾಲಿ. ಹೀಗಿದ್ದೂ ಆರ್‌ಜೆ45 ಯಾಕೆ? ಡ್ಯಾಕ್ ಕೇಬಲ್ ಹಾಕಿ ಮುಗಿಸಿ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಡ್ಯಾಕ್ ಅಂದ್ರೆ ಎರಡು ತುದಿಯಲ್ಲೂ ಎಸ್‌ಎಫ್‌ಪಿ ಪ್ಲಸ್ ತಲೆ ಕಾರ್ಖಾನೆಯಲ್ಲೇ ಕೂಡಿಸಿ ಕೊಟ್ಟಿರೋ ತಾಮ್ರದ ಕೇಬಲ್. ಕ್ರಿಂಪಿಂಗ್ ಇಲ್ಲ, ಕ್ಯಾಟ್ ನಂಬರ್ ಗಲಾಟೆ ಇಲ್ಲ, ಬಿಸಿ ಆಗಲ್ಲ, ವಿದ್ಯುತ್ ತಿನ್ನೋದು ಲೆಕ್ಕಕ್ಕೇ ಬರಲ್ಲ. ಪ್ಯಾಸಿವ್ ಡ್ಯಾಕ್ 10ಜಿಗೆ ಐದಾರು ಮೀಟರ್‌ವರೆಗೂ ಆರಾಮಾಗಿ ಓಡುತ್ತೆ. ಎಕ್ಸ್540 ಮಾರಿ ಅದೇ ಕಾಲದ ಎಕ್ಸ್520 ತಗೊಳ್ಳಿ, ಅದು ಎಸ್‌ಎಫ್‌ಪಿ ಪ್ಲಸ್ ಕಾರ್ಡ್, ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತೆ. ಫೈಬರ್ ಮಾಡ್ಯೂಲ್ ಹಾಕಿದ್ರೆ "ಇಂಟೆಲ್‌ದೇ ಬೇಕು" ಅಂತ ಹಠ ಮಾಡೋ ಕಾರ್ಡ್ ಅದು, ಆದ್ರೆ ಪ್ಯಾಸಿವ್ ಡ್ಯಾಕ್‌ಗೆ ತಕರಾರು ಮಾಡಲ್ಲ. ಸ್ವಿಚ್ ಯಾವ ಕಂಪನಿದು ಅಂತ ಮಾತ್ರ ನೋಡ್ಕೊಳ್ಳಿ, ಕೆಲವು ದೊಡ್ಡ ಕಂಪನಿ ಸ್ವಿಚ್‌ಗಳು ಬೇರೆಯವರ ಡ್ಯಾಕ್ ಒಪ್ಪಲ್ಲ. ಮೇಜಿನ ಮೇಲಿಡೋ ಅಗ್ಗದ 2.5ಜಿ ಸ್ವಿಚ್‌ಗಳಿಗೆ ಸಾಮಾನ್ಯವಾಗಿ ಆ ಬಿಗುಮಾನ ಇಲ್ಲ.


ಹಾಸನ_ರ‍್ಯಾಕ್ (ಹಾಸನ)

ಡ್ಯಾಕ್ ನನಗೂ ಇಷ್ಟ, ಸರ್ವರ್ ರ‍್ಯಾಕ್‌ನಲ್ಲಿ ಮೇಲಿನ ಸ್ವಿಚ್‌ನಿಂದ ಕೆಳಗಿನ ಸರ್ವರ್‌ಗೆ ನಾನು ಹಾಕೋದು ಅದನ್ನೇ. ಆದ್ರೆ ಗಿರಿ ಅಣ್ಣನ ನ್ಯಾಸ್‌ದು 2.5ಜಿ ಪೋರ್ಟ್. ಪಿಸಿ ಕಡೆ 10ಜಿ ಮಾಡಿದ್ರೂ ಬರೋ ಫೂಟೇಜ್ ಎಲ್ಲ ನ್ಯಾಸ್‌ನ ಆ ಒಂದು 2.5ಜಿ ಬಾಗಿಲಿನಿಂದಲೇ ಬರಬೇಕು. ನ್ಯಾಸ್‌ಗೆ ಪಿಸಿಐಇ ಸ್ಲಾಟ್ ಇದೆಯಾ ನೋಡಿ. ಇದ್ರೆ ಅದಕ್ಕೂ ಎಸ್‌ಎಫ್‌ಪಿ ಪ್ಲಸ್ ಕಾರ್ಡ್ ಹಾಕಿ ಎರಡು ಡ್ಯಾಕ್ ಎಳೆದರೆ ಮಜಾ ಇದೆ. ಹಾಕೋ ಮುಂಚೆ ನ್ಯಾಸ್ ಕಂಪನಿಯ ಪಟ್ಟಿಯಲ್ಲಿ ಆ ಕಾರ್ಡ್ ಇದೆಯಾ ನೋಡ್ಕೊಳ್ಳಿ. ಸ್ಲಾಟ್ ಇಲ್ಲದಿದ್ರೆ ಪಿಸಿಗೆ ಎಕ್ಸ್520 ಹಾಕೋದು ದುಡ್ಡು ದಂಡ.

ಸ್ಪೀಡ್ ಲೆಕ್ಕ: 2.5ಜಿ ಲಿಂಕ್‌ನಲ್ಲಿ ಐಪರ್ಫ್ (ನೆಟ್‌ವರ್ಕ್ ಸ್ಪೀಡ್ ಅಳೆಯೋ ಪ್ರೋಗ್ರಾಂ) ಓಡಿಸಿದ್ರೆ 2.35 ಜಿಬಿಪಿಎಸ್ ಹತ್ತಿರ ಕಾಣಬೇಕು. ಫೈಲ್ ಕಾಪಿಗೆ ಅದು ಸೆಕೆಂಡಿಗೆ 280 ಎಂಬಿ ಆಸುಪಾಸು. ಈಗಿನ ಎರಡೂವರೆ ಪಟ್ಟು. ಒಂದು ಹಾರ್ಡ್ ಡಿಸ್ಕ್ ತಾನೇ ತಾನಾಗಿ 150ರಿಂದ 250 ಎಂಬಿ ಕೊಡುತ್ತೆ. ನಿಮ್ಮ ನಾಲ್ಕು ಡಿಸ್ಕ್ ರೇಡ್ 5ರಲ್ಲಿದ್ರೆ (ಎಲ್ಲ ಡಿಸ್ಕ್ ಸೇರಿಸಿ ಒಂದೇ ಮಾಡೋ ವಿಧಾನ) ದೊಡ್ಡ ವಿಡಿಯೋ ಫೈಲ್ ಓದೋವಾಗ ಅದಕ್ಕಿಂತ ಜಾಸ್ತಿ ಬರುತ್ತೆ, ಹಾಗಾಗಿ 2.5ಜಿ ಪೂರ್ತಿ ತುಂಬುತ್ತೆ. ಕ್ಯಾಮೆರಾದಿಂದ ಬರೋ 4ಕೆ ಎಚ್.264, ಎಚ್.265 ಫೂಟೇಜ್ ಸಾಮಾನ್ಯವಾಗಿ 100ರಿಂದ 200 ಎಂಬಿಪಿಎಸ್, ಎಂಬಿ ಅಲ್ಲ ಮತ್ತೆ, ಬಿಟ್. ಮೂರು ನಾಲ್ಕು ಕ್ಯಾಮೆರಾದ್ದು ಒಟ್ಟಿಗೆ ಟೈಮ್‌ಲೈನ್‌ನಲ್ಲಿ ಓಡಿಸಿದ್ರೂ ಲಿಂಕ್ ಏದುಸಿರು ಬಿಡಲ್ಲ. ಅಲ್ಲಿ ತಡವರಿಸಿದ್ರೆ ಅದು ಪ್ರೊಸೆಸರ್‌ದು ಅಥವಾ ಡಿಸ್ಕ್ ಹೆಡ್ ಆಚೆ ಈಚೆ ಓಡೋದರದು. ಆಗ ಪ್ರಾಕ್ಸಿ, ಅಂದ್ರೆ ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್, ಮಾಡ್ಕೊಳ್ಳಿ.

ಕೇಬಲ್: ಕ್ಯಾಟ್ 6, ಯುಟಿಪಿ (ಶೀಲ್ಡ್ ಇಲ್ಲದ್ದು), 24 ಅಥವಾ 26 ಗೇಜ್, ಶುದ್ಧ ತಾಮ್ರ, ಎಳೆ ಎಳೆ ತಂತಿ ಇರೋದು, ಕಾರ್ಖಾನೆಯಲ್ಲೇ ಮೋಲ್ಡ್ ಮಾಡಿದ ಪ್ಲಗ್. ಕ್ಯಾಟ್ 6ಗೆ 10ಜಿ ಕೂಡ 55 ಮೀಟರ್‌ವರೆಗೆ ಬರುತ್ತೆ, ಕಟ್ಟುಗಟ್ಟಲೆ ಕೇಬಲ್ ಒತ್ತಿಕೊಂಡಿದ್ರೆ 37 ಮೀಟರ್ ಅಂತ ಲೆಕ್ಕ. ನಿಮ್ಮ ಒಂದು ಮೀಟರ್‌ಗೆ ನಾಳೆ 10ಜಿ ಬಂದ್ರೂ ಇದೇ ಸಾಕು. 6ಎ ಒಳ್ಳೇದೇ, 100 ಮೀಟರ್ 10ಜಿಗೆ ಅದೇ ಬೇಕು, ಗೋಡೆಯೊಳಗೆ ಹೊಸದಾಗಿ ಎಳೆಯೋದಾದ್ರೆ ನಾನು 6ಎ ಹಾಕೋದು. ಆದ್ರೆ ಮೇಜಿನ ಹಿಂದೆ ಅದು ದಪ್ಪ, ಮಡಚಲ್ಲ, ಸಣ್ಣ ಸ್ವಿಚ್ ಆದ್ರೆ ಕೇಬಲ್ ಸೆಟೆತಕ್ಕೆ ಸ್ವಿಚ್ಚೇ ತಿರುಗಿಕೊಂಡು ಕೂರುತ್ತೆ. ನಿಜ ಹೇಳ್ತಿದೀನಿ, ಹಗುರ ಪ್ಲಾಸ್ಟಿಕ್ ಸ್ವಿಚ್‌ಗೆ ನಾಲ್ಕು 6ಎ ಶೀಲ್ಡೆಡ್ ಕೇಬಲ್ ಸಿಕ್ಕಿಸಿ ನೋಡಿ, ಮುಂದಿನ ಎರಡು ಕಾಲು ಮೇಜು ಬಿಟ್ಟು ಮೇಲೆದ್ದಿರುತ್ತೆ.


ಲ್ಯಾಬ್_ಮೇಷ್ಟ್ರು (ಹಾಸನ)

"ಶುದ್ಧ ತಾಮ್ರ" ಅಂದಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಮಾರ್ಕೆಟ್‌ನಲ್ಲಿ ಸಿಸಿಎ ಅಂತ ತುಂಬ ಇದೆ, ಅಂದ್ರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಪದರ. ಕ್ಯಾಟ್ ಸ್ಟ್ಯಾಂಡರ್ಡ್‌ಗಳಲ್ಲಿ ಇದಕ್ಕೆ ಜಾಗವೇ ಇಲ್ಲ, ಆದ್ರೂ ಮೇಲೆ ಕ್ಯಾಟ್ 6 ಅಂತ ಅಚ್ಚು ಹಾಕಿರ್ತಾರೆ. ಒಂದು ಮೀಟರ್‌ಗೆ ಸ್ಪೀಡ್‌ನಲ್ಲಿ ವ್ಯತ್ಯಾಸ ಗೊತ್ತೇ ಆಗದಿರಬಹುದು. ತೊಂದರೆ ಬರೋದು ಮಡಚಿ ಬಿಚ್ಚಿ ಮಾಡೋವಾಗ, ಅಲ್ಯೂಮಿನಿಯಂ ಬೇಗ ಮುರಿಯುತ್ತೆ. ಇನ್ನು ಅದೇ ಕೇಬಲ್‌ನಲ್ಲಿ ಪಿಒಇ ಕ್ಯಾಮೆರಾಗೋ ವೈಫೈ ಆಕ್ಸೆಸ್ ಪಾಯಿಂಟ್‌ಗೋ ಕರೆಂಟ್ ಕಳಿಸಿದ್ರೆ, ತಾಮ್ರಕ್ಕಿಂತ ಪ್ರತಿರೋಧ ಜಾಸ್ತಿ ಇರೋದರಿಂದ ಕಾಯುತ್ತೆ. 2018ರಲ್ಲಿ ಬಂದ ಹೊಸ ಪಿಒಇ ಸ್ಟ್ಯಾಂಡರ್ಡ್‌ನಲ್ಲಿ ಸ್ವಿಚ್ ಕಡೆಯಿಂದ 90 ವ್ಯಾಟ್‌ವರೆಗೂ ಹೊರಡಬಹುದು. ಸಿಸಿಎ ತಂತಿಯಲ್ಲಿ ಅಷ್ಟನ್ನು ಓಡಿಸೋ ಧೈರ್ಯ ನನಗಿಲ್ಲ.

ಕಂಡುಹಿಡಿಯೋದು ಹೇಗೆ ಅಂದ್ರೆ, ತಂತಿಯ ತುದಿಯನ್ನು ಬ್ಲೇಡ್‌ನಿಂದ ಮೆಲ್ಲಗೆ ಹೆರೆಯಿರಿ. ಒಳಗೆ ಬೆಳ್ಳಗೆ ಕಂಡ್ರೆ ಅಲ್ಯೂಮಿನಿಯಂ. ತವರ ಲೇಪಿಸಿದ ತಾಮ್ರವೂ ಮೇಲೆ ಬೆಳ್ಳಗಿರುತ್ತೆ, ಹೆರೆದ ಮೇಲೆ ಕೆಂಪು ಕಂಡ್ರೆ ಅಸಲಿ. ಮೋಲ್ಡ್ ಪ್ಯಾಚ್ ಕೇಬಲ್ ಆದ್ರೆ ಕತ್ತರಿಸಕ್ಕಾಗಲ್ಲ, ತೂಕ ನೋಡಿ, ಸಿಸಿಎ ಹತ್ತಿಯ ಹಾಗೆ ಹಗುರ. ಜಾಕೆಟ್ ಮೇಲಿನ ಅಚ್ಚು ಓದಿ, ಗೇಜ್ ನಂಬರ್ ಮತ್ತು ಟಿಐಎ-568 ಅಂತ ಇರಬೇಕು. ಯಾವ ಗೇಜ್ ಅಂತ ಬರೆಯದ ಕೇಬಲ್ ಬೇಡ. 305 ಮೀಟರ್ ಪೂರ್ತಿ ಬಾಕ್ಸ್ ತಗೊಳ್ಳೋರು ಮಲ್ಟಿಮೀಟರ್ ಇಟ್ಟು ಒಂದು ತಂತಿ ಅಳೆದುಕೊಳ್ಳಬಹುದು, 24 ಗೇಜ್ ತಾಮ್ರ ಆದ್ರೆ 26 ಓಮ್ ಹತ್ತಿರ ಬರಬೇಕು. 40ರ ಹತ್ತಿರ ಬಂದ್ರೆ ಬಾಕ್ಸ್ ವಾಪಸ್ ಕೊಡಿ.

ಇನ್ನು ಪ್ಯಾಚ್ ಕೇಬಲ್ ಮನೇಲೇ ಕ್ರಿಂಪ್ ಮಾಡೋಣ ಅಂತ ಯಾರಾದ್ರೂ ಹೇಳಬಹುದು. ಬಾಕ್ಸ್‌ನಲ್ಲಿ ಬರೋದು ಒಂಟಿ ಗಟ್ಟಿ ತಂತಿ, ಗೋಡೆಯೊಳಗೆ ಒಂದು ಸಲ ಎಳೆದು ಬಿಡೋದಕ್ಕೆ. ಅದನ್ನು ಪ್ಯಾಚ್ ಮಾಡಿ ದಿನಾ ಅಲ್ಲಾಡಿಸಿದ್ರೆ ಪ್ಲಗ್ ಬುಡದಲ್ಲಿ ಮುರಿಯುತ್ತೆ. ಅದೂ ಅಲ್ಲದೆ ಜೊತೆ ತಂತಿಗಳ ಹುರಿ ಬಿಚ್ಚೋದು 13 ಮಿಲಿಮೀಟರ್ ಮೀರಬಾರದು, ನಮ್ಮ ಹುಡುಗರು ಎರಡು ಇಂಚು ಬಿಚ್ಚಿ, ಎಂಟೂ ಬಣ್ಣ ಚೆನ್ನಾಗಿ ಸಾಲಾಗಿ ಕಾಣ್ತಿದೆ ಅಂತ ಖುಷಿ ಪಡ್ತಾರೆ. ಟೆಸ್ಟರ್‌ನಲ್ಲಿ ಎಂಟೂ ಹಸಿರು ಲೈಟ್ ಬರುತ್ತೆ, ಅದು ತಂತಿ ತುಂಡಾಗಿಲ್ಲ ಅಂತ ಮಾತ್ರ ಹೇಳೋದು. 10ಜಿಗೆ ಸರಿ ಇದೆಯಾ ಅಂತ ಆ ಡಬ್ಬಕ್ಕೆ ಗೊತ್ತಿಲ್ಲ.


ತೋಟದಮನೆ (ಮೂಡಿಗೆರೆ ಕಡೆ)

ಮೇಷ್ಟ್ರೇ, ನಾನು ಕ್ರಿಂಪ್ ಮಾಡಿದ್ದೇ ಓಡ್ತಿದೆ ನಮ್ಮಲ್ಲಿ, ಗಿಗಾಬಿಟ್‌ಗೆ ಸಾಕು ಬಿಡಿ 😄 ಆದ್ರೆ ಒಪ್ಪಿದೆ, ಒಂದು ಮೀಟರ್‌ಗೆ ಪ್ಲಗ್, ಬೂಟ್, ಸಮಯ ಎಲ್ಲ ಲೆಕ್ಕ ಹಾಕಿದ್ರೆ ರೆಡಿಮೇಡ್ ತರೋದೇ ಲಾಭ.

ಅಂದಹಾಗೆ ಕೇಬಲ್ ತೀರಾ ಗಿಡ್ಡ ಇದ್ರೆ ಸಿಗ್ನಲ್ ಸರಿ ಹೋಗಲ್ಲ, ಒಂದು ಮೀಟರ್‌ಗಿಂತ ಕಮ್ಮಿ ಇರಬಾರದು ಅಂತ ನಮ್ಮ ಕೇಬಲ್ ಹುಡುಗ ಯಾವಾಗಲೂ ಹೇಳ್ತಾನೆ. ನಿಜಾನಾ?


ಹಾಸನ_ರ‍್ಯಾಕ್ (ಹಾಸನ)

ಇಲ್ಲ. ರ‍್ಯಾಕ್‌ನಲ್ಲಿ ಪ್ಯಾಚ್ ಪ್ಯಾನೆಲ್‌ನಿಂದ ಸ್ವಿಚ್‌ಗೆ ಅರ್ಧ ಮೀಟರ್, 30 ಸೆಂಟಿಮೀಟರ್ ಕೇಬಲ್ ಹಾಕೋದು ದಿನನಿತ್ಯದ ಕೆಲಸ. ಗಿಡ್ಡ ಆದಷ್ಟು ಇಂಟರ್ನೆಟ್ ಸ್ಪೀಡ್ ಜಾಸ್ತಿ ಆಗುತ್ತೆ ಅನ್ನೋದೂ ಸುಳ್ಳು, ಒಂದು ಮೀಟರ್ ತಾಮ್ರ ದಾಟೋಕೆ ಸಿಗ್ನಲ್‌ಗೆ ಸುಮಾರು 5 ನ್ಯಾನೋಸೆಕೆಂಡ್ ಬೇಕು ಅಷ್ಟೇ. ಉದ್ದ ಆರಿಸೋದು ಕೈ ಲೆಕ್ಕದಲ್ಲಿ. ಪೋರ್ಟ್‌ನಿಂದ ಪೋರ್ಟ್‌ಗೆ ಅಳೆದು ಒಂದು ಗೇಣು ಜಾಸ್ತಿ ಇರಲಿ, ಪಿಸಿ ಮುಂದಕ್ಕೆ ಎಳೆದು ಧೂಳು ಒರೆಸೋವಾಗ ಪ್ಲಗ್ ಜಗ್ಗಬಾರದು. ಮಡಚೋವಾಗ ಕೇಬಲ್ ದಪ್ಪದ ನಾಲ್ಕು ಪಟ್ಟು ಅಗಲಕ್ಕಾದ್ರೂ ಬಾಗಿರಲಿ. ಕೇಬಲ್ ಟೈ ಬಿಗಿಯಾಗಿ ಎಳೆದು ಸೊಂಟ ಹಿಸುಕಬೇಡಿ, ವೆಲ್‌ಕ್ರೋ ಪಟ್ಟಿ ಹಾಕಿ.


ಗಿರಿ_ಎಡಿಟ್ (ಚಿಕ್ಕಮಗಳೂರು)

ಆಯ್ತು, ತೀರ್ಮಾನ ಆಯ್ತು. ನ್ಯಾಸ್‌ಗೆ ಪಿಸಿಐಇ ಸ್ಲಾಟ್ ಇಲ್ಲ, ಈಗಷ್ಟೇ ಹಿಂದೆ ತಿರುಗಿಸಿ ನೋಡಿದೆ. ಹಾಗಾಗಿ ಡ್ಯಾಕ್ ಆಸೆ ಸದ್ಯಕ್ಕೆ ಇಲ್ಲ, ಎಸ್‌ಎಫ್‌ಪಿ_ಪ್ರೇಮಿ ಅವರು ಬೇಜಾರು ಮಾಡ್ಕೋಬೇಡಿ. ಎರಡು ಪಿಸಿಗೂ 2.5ಜಿ ಕಾರ್ಡ್, ಮತ್ತೆ ಒಂದು ಮೀಟರ್‌ದು ಎರಡು, ಅರ್ಧ ಮೀಟರ್‌ದು ಒಂದು ಕ್ಯಾಟ್ 6. ಇಲ್ಲಿ ಐಜಿ ರೋಡ್‌ನಲ್ಲಿ ವಿಚಾರಿಸ್ತೀನಿ, ಗೇಜ್ ಬರೆದಿರೋದು ಸಿಗದಿದ್ರೆ ಬೆಂಗಳೂರಿಗೆ ಹೋಗೋ ಹುಡುಗನ ಹತ್ತಿರ ಎಸ್‌ಪಿ ರೋಡ್‌ನಿಂದ ತರಿಸ್ತೀನಿ. ಎಕ್ಸ್540 ಯಾರಿಗಾದ್ರೂ ಬೇಕಾದ್ರೆ ಹೇಳಿ, 10ಜಿ ಸ್ವಿಚ್ ಇರೋರಿಗೆ ಮಾತ್ರ ಕೊಡೋದು!

ಕೊನೆಗೊಂದು. ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಆನ್ ಮಾಡಿ ಅಂತ ವಿಡಿಯೋಗಳಲ್ಲಿ ಹೇಳ್ತಾರೆ. ಮಾಡ್ಲಾ?


ಎಸ್‌ಎಫ್‌ಪಿ_ಪ್ರೇಮಿ (ಬೇಲೂರು)

ಬೇಜಾರೇನಿಲ್ಲ ಗುರು, ಮುಂದಿನ ನ್ಯಾಸ್ ತಗೊಳ್ಳೋವಾಗ ಸ್ಲಾಟ್ ಇರೋದೇ ತಗೊಳ್ಳಿ. ಜಂಬೋ ಫ್ರೇಮ್ ಬೇಡ. ಮಾಮೂಲಿ 1500 ಬೈಟ್ ಪ್ಯಾಕೆಟ್‌ನಲ್ಲೇ ಮೇಲೆ ಹೇಳಿದ 2.35 ಜಿಬಿಪಿಎಸ್ ಬರುತ್ತೆ. ಜಂಬೋ ಹಾಕಿದ್ರೆ ಪಿಸಿ, ಸ್ವಿಚ್, ನ್ಯಾಸ್ ಮೂರರಲ್ಲೂ ಒಂದೇ ನಂಬರ್ ಇರಬೇಕು, ಒಂದರಲ್ಲಿ ಮರೆತ್ರೆ ಸಣ್ಣ ಫೈಲ್ ಹೋಗುತ್ತೆ, ದೊಡ್ಡ ಫೈಲ್ ನಡುವೆ ನೇತಾಡುತ್ತೆ, ಕಾರಣ ಹುಡುಕೋದ್ರಲ್ಲಿ ಒಂದು ರಾತ್ರಿ ಹೋಗುತ್ತೆ.


ಹಾಸನ_ರ‍್ಯಾಕ್ (ಹಾಸನ)

ಹೌದು, ಬಿಟ್ಟುಬಿಡಿ. ಹೊಸ ಕಾರ್ಡ್ ಹಾಕಿದ ಮೇಲೆ ವಿಂಡೋಸ್ ಹಾಕಿಕೊಟ್ಟ ಡ್ರೈವರ್ ಬಿಟ್ಟು, ಚಿಪ್ ಕಂಪನಿಯ ಸೈಟ್‌ನಿಂದ ಹೊಸದು ಹಾಕ್ಕೊಳ್ಳಿ. ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಸ್ಪೀಡ್ "ಆಟೋ" ಇರಲಿ, ಕೈಯಾರೆ 2.5ಜಿ ಅಂತ ಲಾಕ್ ಮಾಡಬೇಡಿ. ಲಿಂಕ್ 2.5 ತೋರಿಸಿದ ಮೇಲೆ ನ್ಯಾಸ್‌ಗೆ ಐಪರ್ಫ್ ಓಡಿಸಿ ನಂಬರ್ ಇಲ್ಲಿ ಹಾಕಿ. 2.3 ಮೇಲೆ ಬಂದು ಫೈಲ್ ಕಾಪಿ ಮಾತ್ರ ನಿಧಾನ ಆದ್ರೆ ಡಿಸ್ಕ್ ಕಡೆ ನೋಡೋಣ, ಐಪರ್ಫೇ ಕಮ್ಮಿ ಬಂದ್ರೆ ಆಗ ಕೇಬಲ್ ಬದಲಾಯಿಸಿ ನೋಡೋಣ.